ವಂಶವೃಕ್ಷದಲ್ಲಿ ಇಲ್ಲದ ಇಬ್ಬರು ಅತ್ತೆಯರು

ನಮ್ಮಪ್ಪ ತೀರಿಕೊಂಡಿದ್ದು 2018ರ ನವೆಂಬರ್‌ನಲ್ಲಿ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಚಿಕ್ಕಪ್ಪ ಟ್ರಂಕಿನಿಂದ ಒಂದು ಹಳೇ ಪಹಣಿ ತೆಗೆದು ನನ್ನ ಮುಂದಿಟ್ಟರು. ನಮ್ಮ 2 ಎಕರೆ 14 ಗುಂಟೆ ಜಮೀನು ಇನ್ನೂ ತಾತನ ಹೆಸರಲ್ಲೇ ಇತ್ತು. ತಾತ ಹೋಗಿದ್ದು 1996ರಲ್ಲಿ. ಅಂದರೆ 22 ವರ್ಷ ನಮ್ಮನೇಲಿ ಯಾರೂ ಆ ಗೋಜಿಗೆ ಹೋಗಿರಲಿಲ್ಲ. ಉಳುತ್ತಿದ್ದರು, ರಾಗಿ ಬೆಳೆಯುತ್ತಿದ್ದರು, ಕಂದಾಯ ಕಟ್ಟುತ್ತಿದ್ದರು. ಹೆಸರು ಯಾರದ್ದಿದ್ದರೆ ಏನು ಅಂತ ಸುಮ್ಮನಿದ್ದರು.

ಆಮೇಲೆ 2019ರ ಫೆಬ್ರವರಿಯಲ್ಲಿ ಕಿಸಾನ್ ಸಮ್ಮಾನ್ ಯೋಜನೆ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಚಿಕ್ಕಪ್ಪನಿಗೆ ಅವಸರ ಶುರುವಾಯಿತು. 'ನೀನು ಓದಿದ್ದೀಯ, ಬೆಂಗಳೂರಲ್ಲಿ ಇದ್ದೀಯ, ಪೌತಿ ಖಾತೆ ಮಾಡಿಸಿಬಿಡಪ್ಪ' ಅಂದರು. ನಾನು ಒಪ್ಪಿಕೊಂಡೆ. ಒಂದು ರೂಪಾಯಿ ಲಂಚ ಕೊಡದೆ ಮಾಡಿಸ್ತೀನಿ ಅಂತ ಮನಸ್ಸಿನಲ್ಲೇ ನಿರ್ಧಾರ ಮಾಡಿದ್ದೆ. ಅಪ್ಪ ಹೋದ ಮೇಲೆ ಮಾಡೋ ಮೊದಲ ಕೆಲಸ, ಶುದ್ಧವಾಗಿ ಮಾಡಬೇಕು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ನನಗೆ ಆ ಕಚೇರಿಗಳ ಮೇಲೆ ಇದ್ದ ಸಿಟ್ಟು. ಅವರೇ ಕಳ್ಳರು, ನಾವೆಲ್ಲ ಅವರ ಕೈಗೆ ಸಿಕ್ಕಿಬಿದ್ದವರು ಅಂತ ನಾನು ಆಗ ನಂಬಿದ್ದೆ.

ಪೌತಿ ಖಾತೆ ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ಕೇಳಲಿಕ್ಕೆ ಸುಲಭ. ಮೊದಲು ತಾತನ ಮರಣ ಪ್ರಮಾಣಪತ್ರ ಬೇಕು. ಆಮೇಲೆ ವಂಶವೃಕ್ಷ, ಅಂದರೆ ತಾತನ ಮಕ್ಕಳು ಯಾರ್ಯಾರು ಅನ್ನೋ ಪತ್ರ. ಅವೆರಡನ್ನೂ ಇಟ್ಟು ಖಾತೆಗೆ ಅರ್ಜಿ. ಆಗ ಗ್ರಾಮ ಲೆಕ್ಕಿಗರು ನೋಟಿಸ್ ಹಾಕುತ್ತಿದ್ದರು, 30 ದಿನ ತಕರಾರಿಗೆ ಸಮಯ ಇತ್ತು, ಯಾರದ್ದೂ ತಕರಾರಿಲ್ಲದಿದ್ದರೆ ರೆವಿನ್ಯೂ ಇನ್ಸ್‌ಪೆಕ್ಟರ್ ಒಪ್ಪಿಗೆ ಕೊಡುತ್ತಿದ್ದರು, ಮ್ಯುಟೇಶನ್ ಆಗಿ ಹೊಸ ಪಹಣಿ ಬರುತ್ತಿತ್ತು. ಇಷ್ಟೇ.

ಮೊದಲ ಹೆಜ್ಜೆಯಲ್ಲೇ ಕಾಲು ಸಿಕ್ಕಿಕೊಂಡಿತು. 1996ರಲ್ಲಿ ತಾತ ಸತ್ತಾಗ ಮನೆಯವರು ಯಾರೂ ಅದನ್ನು ನೋಂದಣಿ ಮಾಡಿಸಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟಿದ್ದರೆ ಆಗ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ಕೋರ್ಟು ಅಂದ ತಕ್ಷಣ ಚಿಕ್ಕಪ್ಪನ ಮುಖ ಸಪ್ಪಗಾಯಿತು. ಅವರು ಆ ಸಂಜೆಯೇ ತಾಲೂಕು ಆಫೀಸಿನ ಎದುರು ಅರ್ಜಿ ಬರೆಯೋ ಒಬ್ಬರನ್ನು ಮನೆಗೆ ಕರೆದುಕೊಂಡು ಬಂದರು. ಆತ ಬಹಳ ಮರ್ಯಾದೆಯ ಮನುಷ್ಯ. ಅಮ್ಮನ ಆರೋಗ್ಯ ವಿಚಾರಿಸಿದರು, ಕಾಫಿ ಕುಡಿದರು, ಆಮೇಲೆ ಹೇಳಿದರು: 'ಹನ್ನೆರಡು ಸಾವಿರಕ್ಕೆ ಎಲ್ಲಾ ಸೇರಿ ಸರ್. ಕೋರ್ಟೂ ಬೇಡ, ಅಲೆದಾಟವೂ ಬೇಡ. ಹಳೇ ರಿಜಿಸ್ಟರ್ ನಾವು ನೋಡ್ಕೊಳ್ತೀವಿ. ವಂಶವೃಕ್ಷ ನಿಮಗೆ ಬೇಕಾದ ಹಾಗೆ.'

ಆ ಕೊನೇ ಮಾತು ಆಗ ನನಗೆ ಅರ್ಥವಾಗಲಿಲ್ಲ. ನಾನು ಬೇಡ ಅಂದೆ. ಆತ ಹೋದ ಮೇಲೆ ಮನೆಯಲ್ಲಿ ಎಲ್ಲರೂ ನನ್ನ ಮೇಲೆ ಬಿದ್ದರು. ಅಮ್ಮ, 'ಊರಿಗೆಲ್ಲ ಇಲ್ಲದ್ದು ನಿನಗ್ಯಾಕೋ' ಅಂದರು. ಪಕ್ಕದ ಮನೆಯವರು ಬಂದು ಬುದ್ಧಿ ಹೇಳಿದರು. ಲಂಚ ಕೊಡು ಅಂತ ಆ ಹೊತ್ತಿಗೆ ನನ್ನನ್ನು ಒಬ್ಬ ಸರ್ಕಾರಿ ನೌಕರನೂ ಕೇಳಿರಲಿಲ್ಲ. ನಾನಿನ್ನೂ ಯಾವ ಕಚೇರಿಯ ಮೆಟ್ಟಿಲೂ ಹತ್ತಿರಲಿಲ್ಲ.

ಅವತ್ತು ಇನ್ನೊಂದು ಗಮನಿಸಿದೆ. ಅಷ್ಟು ಹೊತ್ತು ಮಾತಾಡಿದರೂ ಯಾರ ಬಾಯಲ್ಲೂ ಲಂಚ ಅನ್ನೋ ಪದ ಬರಲಿಲ್ಲ. 'ಖರ್ಚು' ಅಂದರು. 'ಕಾಫಿಗೆ' ಅಂದರು. 'ಮಾಮೂಲು', 'ಕೈ ಬೆಚ್ಚಗೆ', 'ನೋಡ್ಕೊಳ್ಳೋದು' ಅಂದರು. ಅದೇ ಜನ ಟೀವಿಯಲ್ಲಿ ಯಾರೋ ಅಧಿಕಾರಿ ಸಿಕ್ಕಿಬಿದ್ದ ಸುದ್ದಿ ಬಂದರೆ 'ಲಂಚಕೋರ' ಅಂತ ಬೈಯುತ್ತಾರೆ. ತೆಗೆದುಕೊಂಡಿದ್ದಕ್ಕೆ ಒಂದು ಹೆಸರು, ಕೊಟ್ಟಿದ್ದಕ್ಕೆ ಬೇರೆ ಹೆಸರು. ನಾನೂ ಜೀವನಪೂರ್ತಿ ಹಾಗೇ ಮಾತಾಡಿದ್ದೆ.

ಕೋರ್ಟಿಗೆ ಅರ್ಜಿ ಹಾಕಿದೆವು. ವಕೀಲರ ಫೀಸು 6,000. ತಾತನ ಮರಣ ನೋಂದಣಿ ಆಗಿಲ್ಲ ಅಂತ ಕಚೇರಿಯಿಂದ ಹಿಂಬರಹ ತರಬೇಕು, ಪೇಪರಿನಲ್ಲಿ ಪ್ರಕಟಣೆ ಕೊಡಬೇಕು, ಸಾಕ್ಷಿ ಹೇಳಿಸಬೇಕು. ಪ್ರತಿ ಸಲ ನಾನು ರಜೆ ಹಾಕಿ ರಾತ್ರಿ ಬಸ್ಸಿಗೆ ಬರಬೇಕಿತ್ತು. ನಡುವೆ ಲೋಕಸಭಾ ಚುನಾವಣೆ ಬಂತು. ನಮ್ಮ ಕಡೆ ಏಪ್ರಿಲ್ 18ಕ್ಕೆ ಮತದಾನ. ಕಚೇರಿಯಲ್ಲಿ ಯಾರನ್ನು ಕೇಳಿದರೂ ಎಲೆಕ್ಷನ್ ಡ್ಯೂಟಿ, ಆಮೇಲೆ ಬನ್ನಿ ಅನ್ನುತ್ತಿದ್ದರು.

ಮತದಾನಕ್ಕೆ ಎರಡು ದಿನ ಇರುವಾಗ ಊರಿಗೆ ಹೋಗಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಪರಿಚಯದ ಹುಡುಗನೊಬ್ಬ ಬಾಗಿಲಿಗೆ ಬಂದ. ಮತಪಟ್ಟಿಯ ಚೀಟಿ ನೋಡಿ ನಮ್ಮನೆ ಓಟು ಎಣಿಸಿದ. ಓಟಿಗೆ 500ರಂತೆ ಅಮ್ಮನ ಕೈಗೆ 1,000 ರೂಪಾಯಿ ಕೊಟ್ಟ, ಅವರದೊಂದು, ನನ್ನದೊಂದು. ಅಮ್ಮ ತೆಗೆದುಕೊಂಡು ಸಕ್ಕರೆ ಡಬ್ಬಿಯಲ್ಲಿ ಇಟ್ಟರು. ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ಏನೂ ಹೇಳಲಿಲ್ಲ. ಆ ಹುಡುಗ ನಮ್ಮೂರವನು, ಅವನ ಮುಖಕ್ಕೆ ಹೊಡೆದ ಹಾಗೆ ವಾಪಸ್ ಕೊಡೋದು ಹೇಗೆ ಅಂತ ಅನ್ನಿಸಿತು. ಓಟಿಗೆ ದುಡ್ಡು ಕೊಡೋದು, ತಗೊಳ್ಳೋದು ಎರಡೂ ಅಪರಾಧ ಅಂತ ನನಗೆ ಗೊತ್ತಿತ್ತು, ಆಗಿನ ದಂಡ ಸಂಹಿತೆಯಲ್ಲಿ ಒಂದು ವರ್ಷದವರೆಗೆ ಜೈಲಿತ್ತು. ಮಾರನೇ ದಿನ ಅಮ್ಮ ಆ ದುಡ್ಡಿನಲ್ಲಿ ಬಿ.ಪಿ. ಮಾತ್ರೆ ತರಿಸಿದರು. ನಾನು ಕೋರ್ಟಿಗೆ ಹೋದೆ.

ಆ ಬಸ್ಸಿನಲ್ಲಿ ಕೂತು ಬಹಳ ಯೋಚನೆ ಮಾಡಿದೆ. ಆ ದಿನಗಳಲ್ಲಿ ನನಗೆ ಒಂದೊಂದಾಗಿ ನೆನಪಿಗೆ ಬಂದವು. 2009ರಲ್ಲಿ ಬೈಕ್ ಲೈಸೆನ್ಸ್ ಮಾಡಿಸಿದ್ದು ಡ್ರೈವಿಂಗ್ ಸ್ಕೂಲ್ ಮೂಲಕ, ಜಾಸ್ತಿ ದುಡ್ಡು ಕೊಟ್ಟು, ಎಂಟು ಹೊಡೆಯದೆ. ಅಂದರೆ ನನಗೆ ಗಾಡಿ ಓಡಿಸಲು ಬರುತ್ತದೋ ಇಲ್ಲವೋ ಅಂತ ಯಾರೂ ನೋಡಲೇ ಇಲ್ಲ, ನೋಡದೆ ಇರಲಿ ಅಂತ ನಾನೇ ದುಡ್ಡು ಕೊಟ್ಟೆ. 2014ರಲ್ಲಿ ಸೈಟು ತಗೊಂಡಾಗ ಪತ್ರದಲ್ಲಿ ತೋರಿಸಿದ್ದು ಸರ್ಕಾರದ ಮಾರ್ಗಸೂಚಿ ಬೆಲೆ, ಮಿಕ್ಕಿದ್ದು ನೋಟಿನ ಕಟ್ಟು. ಮಾರಿದವರಿಗೆ ತೆರಿಗೆ ಉಳಿಯಿತು, ನನಗೆ ಮುದ್ರಾಂಕ ಶುಲ್ಕ ಉಳಿಯಿತು, ನಾವಿಬ್ಬರೂ ಕೈ ಕುಲುಕಿ ಹೋಟೆಲಿನಲ್ಲಿ ಊಟ ಮಾಡಿದೆವು. 2011ರಲ್ಲಿ ಅಣ್ಣಾ ಹಜಾರೆ ದೆಹಲಿಯಲ್ಲಿ ಉಪವಾಸ ಕೂತಾಗ ನಾನು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದೆ. ಅದೇ ವರ್ಷ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದಾಗ ಆಫೀಸಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗಿದ್ದೆ. ಆ ತಿಂಗಳುಗಳಲ್ಲೇ ಸಿಗ್ನಲ್ ಹಾರಿ ಸಿಕ್ಕಿಬಿದ್ದು, ರಸೀದಿ ಬೇಡ ಅಂತ 100 ರೂಪಾಯಿ ಕೊಟ್ಟು ಬಂದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದು ಹೇಳೋ ವಿಷಯ ಅಂತಲೇ ಅನ್ನಿಸಿರಲಿಲ್ಲ.

ಇದನ್ನು ಬರೆಯುವಾಗ ಒಂದು ಸ್ಪಷ್ಟ ಮಾಡಬೇಕು. ಎಲ್ಲಾ ಲಂಚವೂ ಒಂದೇ ಅಂತ ನಾನು ಹೇಳುತ್ತಿಲ್ಲ. ವಿಧವಾ ವೇತನಕ್ಕೆ ನಾಲ್ಕು ಸಲ ಅಲೆದು, ಐದನೇ ಸಲ ಕೂಲಿ ಬಿಟ್ಟು ಬರಲಾಗದೆ 200 ರೂಪಾಯಿ ಕೊಡೋ ಹೆಂಗಸಿನ ಮೇಲೆ ನಾನು ಯಾವ ತಪ್ಪೂ ಹೊರಿಸಲಾರೆ. ಅವಳ ಹಕ್ಕನ್ನೇ ಅವಳಿಗೆ ಮಾರುತ್ತಿದ್ದಾರೆ. ಆದರೆ ನಾನು ಕೊಟ್ಟಿದ್ದು ಯಾವುದೂ ಅಂಥದ್ದಲ್ಲ. ನನ್ನ ಪ್ರತಿ ಲಂಚವೂ ನನಗೆ ಸಲ್ಲದೆ ಇರೋದನ್ನು ಪಡೆಯಲಿಕ್ಕೆ, ಇಲ್ಲವೇ ಸಾಲಿನಲ್ಲಿ ನಿಂತವರ ಮುಂದೆ ಹೋಗಲಿಕ್ಕೆ. ಸಾಲಿನಲ್ಲಿ ಹಿಂದೆ ಉಳಿದವರಲ್ಲಿ ಆ ಹೆಂಗಸೂ ಇದ್ದಿರಬಹುದು ಅಲ್ವಾ.

ಜುಲೈನಲ್ಲಿ ಕೋರ್ಟಿನ ಆದೇಶ ಬಂತು, ಮರಣ ಪ್ರಮಾಣಪತ್ರವೂ ಕೈಗೆ ಸಿಕ್ಕಿತು. ಆಗಸ್ಟಿನಲ್ಲಿ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅಫಿಡವಿಟ್ ಬೇಕಿತ್ತು. ಚಿಕ್ಕಪ್ಪ ಆಗಲೇ ಬರೆಸಿ, ನೋಟರಿ ಮಾಡಿಸಿ ಇಟ್ಟಿದ್ದರು. ಬೆಂಗಳೂರಿನಿಂದ ಬಂದವನು ಸುಮ್ಮನೆ ಒಂದು ಸಲ ಓದಿದೆ. ತಾತನಿಗೆ ಇಬ್ಬರು ಗಂಡು ಮಕ್ಕಳು ಅಂತ ಇತ್ತು. ಅಷ್ಟೇ ಇತ್ತು.

ನನಗೆ ಇಬ್ಬರು ಅತ್ತೆಯರಿದ್ದಾರೆ. ದೊಡ್ಡತ್ತೆ ನಾಲ್ಕು ಮೈಲಿ ದೂರದ ಊರಲ್ಲೇ ಇದ್ದಾರೆ. ಚಿಕ್ಕತ್ತೆ ಗಂಡ ಹೋದ ಮೇಲೆ ಮೈಸೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. ನನ್ನನ್ನು ಎತ್ತಿ ಆಡಿಸಿದವರು ಆಕೆ. ಆ ಕಾಗದದಲ್ಲಿ ಅವರಿಬ್ಬರೂ ಹುಟ್ಟೇ ಇರಲಿಲ್ಲ.

'ವಂಶವೃಕ್ಷ ನಿಮಗೆ ಬೇಕಾದ ಹಾಗೆ' ಅನ್ನೋದರ ಅರ್ಥ ಆಗ ಆಯಿತು. ನಾನು ಕೇಳಿದಾಗ ಚಿಕ್ಕಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಮಗುವಿಗೆ ಹೇಳೋ ಹಾಗೆ ಹೇಳಿದರು. 'ಅವರನ್ನ ಸೇರಿಸಿದ್ರೆ ನಾಳೆ ಅವರ ಮಕ್ಕಳು ಬರ್ತಾರೆ ಕಣಪ್ಪ. ಮದುವೆ ಮಾಡಿ ಕೊಟ್ಟಾಗ್ಲೇ ಕೊಡೋದು ಕೊಟ್ಟಾಯ್ತು. ಊರಲ್ಲಿ ಎಲ್ಲರೂ ಹೀಗೇ ಮಾಡೋದು.' ಎಲ್ಲರೂ ಹೀಗೇ ಮಾಡೋದು ನಿಜ. ಮಹಜರಿಗೆ ಸಹಿ ಹಾಕಲು ನೆರೆಯ ಮೂವರನ್ನು ಅವರು ಒಪ್ಪಿಸಿದ್ದರು. ಆ ಮೂವರೂ ನಮ್ಮ ಚಿಕ್ಕತ್ತೆಯ ಮದುವೆಯಲ್ಲಿ ಬಡಿಸಿದವರು. ಒಬ್ಬರಂತೂ ಆಕೆಯ ಗಂಡ ಸತ್ತಾಗ ಮೈಸೂರಿಗೆ ಹೋಗಿ ಬಂದವರು. ಅವರು ಸರ್ಕಾರದ ಮುಂದೆ 'ಈ ಮನೆಗೆ ಹೆಣ್ಣು ಮಕ್ಕಳೇ ಇಲ್ಲ' ಅಂತ ಬರೆದು ಸಹಿ ಹಾಕಲು ತಯಾರಿದ್ದರು. ಅವರಿಗೆ ಇದರಿಂದ ಒಂದು ಪೈಸೆ ಲಾಭ ಇಲ್ಲ. ನಾಳೆ ಅವರ ಮನೆಯ ಕಾಗದಕ್ಕೆ ನಾವು ಸಹಿ ಹಾಕಬೇಕು, ಅಷ್ಟೇ.

ಆ ಜಮೀನು ತಾತ ಸ್ವಂತ ದುಡಿದು ಕೊಂಡಿದ್ದು. ಅಪ್ಪ ಸ್ವಂತಕ್ಕೆ ಮಾಡಿದ ಆಸ್ತಿಯಲ್ಲಿ, ವಿಲ್ ಇಲ್ಲದೆ ಹೋದರೆ, ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಪಿತ್ರಾರ್ಜಿತಕ್ಕೂ 2005ರ ತಿದ್ದುಪಡಿ ಬಂದು ಸಮಪಾಲು ಆಯಿತು. ಕಾನೂನು ಇಷ್ಟು ವರ್ಷ ಕಾಗದದ ಮೇಲೆ ಇತ್ತು, ನಮ್ಮೂರಿನ ವಂಶವೃಕ್ಷಗಳಲ್ಲಿ ಹೆಣ್ಣು ಮಕ್ಕಳು ಇರಲಿಲ್ಲ. ಅವರನ್ನು ಅಳಿಸಿದ್ದು ಯಾವ ಮಂತ್ರಿಯೂ ಅಲ್ಲ. ಅಣ್ಣ, ತಮ್ಮ, ಪಕ್ಕದ ಮನೆಯವರು.

ನಾನು ಸಹಿ ಹಾಕಲ್ಲ ಅಂದೆ. ಆಗ ಚಿಕ್ಕಪ್ಪ ಇನ್ನೊಂದು ವಿಷಯ ಹೊರಗೆ ಹಾಕಿದರು. ಫೆಬ್ರವರಿಯಲ್ಲೇ ಆ ಅರ್ಜಿ ಬರೆಯೋರ ಕೈಗೆ 3,000 ರೂಪಾಯಿ ಮುಂಗಡ ಕೊಟ್ಟಿದ್ದರಂತೆ, ಅದರಲ್ಲಿ ಸ್ವಲ್ಪ ಗ್ರಾಮ ಲೆಕ್ಕಿಗರಿಗೂ ಮುಟ್ಟಿದೆಯಂತೆ. ಅಂದರೆ ಶುದ್ಧವಾಗಿ ನಡೀತಿದೆ ಅಂತ ನಾನು ಅಂದುಕೊಂಡಿದ್ದ ಕೆಲಸದಲ್ಲಿ ಮೊದಲ ತಿಂಗಳೇ ದುಡ್ಡು ಕೈ ಬದಲಾಯಿಸಿತ್ತು.

ನಮ್ಮ ವಕೀಲರ ಹತ್ತಿರ ಹೇಳಿಕೊಂಡೆ. ಅವರು ವಿವರಿಸಿದರು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದು, ಲಂಚ ಕೊಡೋದೂ ನೇರವಾಗಿ ಅಪರಾಧ ಆಗಿದೆ, 7 ವರ್ಷದವರೆಗೆ ಶಿಕ್ಷೆ. ಬಲವಂತ ಮಾಡಿ ಕೇಳಿದ್ದಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, ಆಗ ರಕ್ಷಣೆ ಇದೆ. 'ನಿಮ್ಮ ಚಿಕ್ಕಪ್ಪನ್ನ ಯಾರಾದ್ರೂ ಬಲವಂತ ಮಾಡಿದ್ರಾ?' ಅಂತ ಕೇಳಿದರು. ಯಾರೂ ಮಾಡಿರಲಿಲ್ಲ.

ಗ್ರಾಮ ಲೆಕ್ಕಿಗರನ್ನು ನಾನು ಒಬ್ಬನೇ ಹೋಗಿ ಕಂಡೆ. ಇಪ್ಪತ್ತೆಂಟು ಮೂವತ್ತು ವರ್ಷದ ಹುಡುಗ. ಜೋರು ಮಾಡಬೇಕು ಅಂತ ಹೋಗಿದ್ದೆ. ಆತ ಕುರ್ಚಿ ತೋರಿಸಿ ಹೇಳಿದ: 'ಸರ್, ನಾನು ಬಾಯಿ ಬಿಟ್ಟು ಕೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲನೇ ವಾರದಿಂದ ಜನ ಫೈಲ್ ಒಳಗೆ ಇಟ್ಟು ಕೊಡ್ತಾರೆ. ಬೇಡ ಅಂದ್ರೆ ಕಡಿಮೆ ಆಯ್ತೇನೋ ಅಂತ ಇನ್ನೂ ಇಡ್ತಾರೆ.' ಅವನು ತಗೊಂಡಿದ್ದು ತಪ್ಪು. ಸಂಬಳ ತಗೊಂಡು ಮಾಡೋ ಕೆಲಸ ಅದು. ಅದನ್ನು ಅವನ ಮುಖಕ್ಕೇ ಹೇಳಿದೆ. ಆದರೆ ಅವನು ಹೇಳಿದ ಮಾತು ಸುಳ್ಳು ಅಂತ ನಾನು ಹೇಳಲಾರೆ. ಭ್ರಷ್ಟಾಚಾರ ನಿಗ್ರಹ ದಳಕ್ಕೆ ದೂರು ಕೊಡೋಣ ಅಂತ ಯೋಚಿಸಿದ್ದೆ, ಆಗ ಅದು ಇನ್ನೂ ಇತ್ತು, 2022ರಲ್ಲಿ ಹೈಕೋರ್ಟ್ ರದ್ದು ಮಾಡಿ ಆ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ದೂರು ಕೊಟ್ಟರೆ ಮೊದಲು ಬರೋದು ಚಿಕ್ಕಪ್ಪನ ಹೆಸರು. ನಾನು ಕೊಡಲಿಲ್ಲ. ಇವತ್ತಿಗೂ ಅದು ಸರಿ ಮಾಡಿದೆ ಅಂತ ನನಗೆ ಅನ್ನಿಸಿಲ್ಲ.

ಹೊಸ ಅಫಿಡವಿಟ್ ಮಾಡಿಸಿದೆವು. ಎರಡೂ ಅತ್ತೆಯರ ಹೆಸರು ಹಾಕಿ. ಅದಕ್ಕೆ ಮುಂಚೆ ದೊಡ್ಡತ್ತೆ ಮನೆಗೆ ಹೋದೆ. ಅವರು ಅತ್ತರು. 'ನನಗೆ ಜಮೀನು ಬೇಡ ಮಗ, ತವರು ಮನೆ ಬಾಗಿಲು ತೆರೆದಿದ್ರೆ ಸಾಕು' ಅಂದರು. ಬೇಡ ಅಂದರೆ ಆಮೇಲೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬಹುದು, ಆದರೆ ನೀವು ಇಲ್ಲವೇ ಇಲ್ಲ ಅಂತ ಬರೆಯೋದು ಬೇರೆ ಅಂತ ಹೇಳಿದೆ. ಚಿಕ್ಕತ್ತೆ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಇಲ್ಲಿವರೆಗೂ ನನ್ನ ಯಾರೂ ಕೇಳಿರಲಿಲ್ಲ' ಅಂದರು. ಅವರಿಗೆ ಪಾಲು ಬೇಕಿತ್ತು. ಬೇಕು ಅಂತ ಹೇಳಿದರು.

ಅಲ್ಲಿಂದ ಮುಂದಿನದು ಬೇಗ ಹೇಳಿಬಿಡುತ್ತೇನೆ. ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಕೇಳಿ ಪಡೆದೆ. ಸಕಾಲ ಕಾಯ್ದೆ 2011ರದು, 2012ರಲ್ಲಿ ಜಾರಿಗೆ ಬಂದಿದ್ದು. ಸ್ವೀಕೃತಿಯ ಮೇಲೆ 15 ಅಂಕಿಯ ಸಂಖ್ಯೆ ಇರುತ್ತದೆ, ಯಾವ ದಿನದೊಳಗೆ ಕೆಲಸ ಆಗಬೇಕು ಅಂತಲೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ನಮ್ಮ ಹಿಂದೆ ಸಾಲಿನಲ್ಲಿ ನಿಂತಿದ್ದ ಎಂಟು ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಇದು ಗೊತ್ತಿರಲಿಲ್ಲ. ಕಚೇರಿಯ ಗೋಡೆಯ ಮೇಲೆ ದೊಡ್ಡ ಬೋರ್ಡ್ ಇತ್ತು. ವಂಶವೃಕ್ಷ ಸಿಕ್ಕಿತು. ಖಾತೆಗೆ ಅರ್ಜಿ ಹೋಯಿತು. ನೋಟಿಸಿನ 30 ದಿನ ಕಳೆಯಿತು, ತಕರಾರು ಬರಲಿಲ್ಲ. ಆದರೂ ಫೈಲ್ ಐದು ವಾರ ಕದಲಲಿಲ್ಲ. ಅಲ್ಲಿ ಒಬ್ಬರು ಬಾಯಿ ಬಿಟ್ಟೇ ಕೇಳಿದರು, 'ಏನೂ ಇಲ್ಲದೆ ಹೇಗೆ?' ಅಂತ. ನಾನು 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನನ್ನ ಫೈಲ್ ಯಾವ ತಾರೀಕಿನಿಂದ ಯಾರ ಮೇಜಿನಲ್ಲಿದೆ ಅಂತ ಒಂದೇ ಪ್ರಶ್ನೆ. ಉತ್ತರ ಕೊಡಲು ಅವರಿಗೆ 30 ದಿನ ಇತ್ತು. ಹನ್ನೊಂದನೇ ದಿನಕ್ಕೆ ಕೆಲಸವೇ ಆಗಿಹೋಯಿತು.

ಡಿಸೆಂಬರಿನಲ್ಲಿ ಜಂಟಿ ಹೆಸರಿನ ಪಹಣಿ ಬಂತು. ಫೆಬ್ರವರಿಯಿಂದ ಲೆಕ್ಕ ಹಾಕಿದರೆ ಹತ್ತು ತಿಂಗಳು. ನಾನು ಹಾಕಿದ ರಜೆ 14 ದಿನ. 'ಹದಿನೈದು ದಿನದ ಕೆಲಸ' ಅಂತ ಚಿಕ್ಕಪ್ಪ ಹೇಳುತ್ತಲೇ ಇದ್ದರು. ಅವರ ಮಾತು ಪೂರ್ತಿ ತಪ್ಪಲ್ಲ. ನನಗೆ ತಿಂಗಳ ಸಂಬಳ ಇತ್ತು, ರಜೆ ಇತ್ತು, ಅರ್ಜಿ ಬರೆಯಲು ಬರುತ್ತಿತ್ತು. ಇದ್ಯಾವುದೂ ಇಲ್ಲದವರಿಗೆ ನೀವೂ ಹೀಗೇ ಮಾಡಿ ಅಂತ ಹೇಳಲು ನನಗೆ ಬಾಯಿ ಬರಲ್ಲ. ಆದರೆ ಇದೆಲ್ಲ ಇರೋ ನಮ್ಮಂಥವರೇ ಮೊದಲು ಕೊಟ್ಟು ರೇಟು ಕಟ್ಟಿದವರು.

ಚಿಕ್ಕಪ್ಪ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ದೊಡ್ಡತ್ತೆ ಅವರ ಪಾಲನ್ನು ನೋಂದಣಿ ಮಾಡಿಸಿ ಬಿಟ್ಟುಕೊಟ್ಟರು. ಚಿಕ್ಕತ್ತೆ ಪಹಣಿ ನೋಡಲೆಂದೇ ಮೈಸೂರಿನಿಂದ ಬಂದಿದ್ದರು. ಬ್ಯಾಗಿನಿಂದ 2,000 ರೂಪಾಯಿ ತೆಗೆದು ನನ್ನ ಕೈಗಿಟ್ಟು, 'ಯಾರ್ಯಾರಿಗೆ ಎಷ್ಟು ಕೊಟ್ಟೆ? ಇದು ನನ್ನ ಭಾಗದ್ದು' ಅಂದರು. ಯಾರಿಗೂ ಕೊಟ್ಟಿಲ್ಲ ಅಂದರೆ ಅವರಿಗೆ ನಂಬಿಕೆ ಬರಲೇ ಇಲ್ಲ. ವಕೀಲರ ರಸೀದಿ ತೋರಿಸಿದ ಮೇಲೆ ಅದರಲ್ಲಿ ತಮ್ಮ ಭಾಗ ಲೆಕ್ಕ ಹಾಕಿ ಕೊಟ್ಟು ಹೋದರು.

ಹೋದ ವರ್ಷ, ಮಹಜರಿಗೆ ಸಹಿ ಹಾಕಲು ಒಪ್ಪಿದ್ದ ಆ ಮೂವರಲ್ಲಿ ಒಬ್ಬರು ಮನೆಗೆ ಬಂದರು. ಅವರ ಅಪ್ಪ ತೀರಿಕೊಂಡಿದ್ದರು, ಅವರಿಗೂ ಪೌತಿ ಖಾತೆ ಆಗಬೇಕಿತ್ತು. 'ನೀನು ದುಡ್ಡಿಲ್ಲದೆ ಮಾಡಿಸಿದೆಯಂತಲ್ಲಪ್ಪ, ನಮ್ಮದೂ ಅರ್ಜಿ ಬರೆದುಕೊಡು' ಅಂದರು. ನನಗೆ ನಿಜವಾಗಿಯೂ ಸಂತೋಷ ಆಯಿತು. ಪೆನ್ನು ತಗೊಂಡು ಕೂತೆ. ಮಕ್ಕಳ ಹೆಸರು ಹೇಳಿ ಅಂದೆ. ತಮ್ಮ ಹೆಸರು ಹೇಳಿದರು, ತಮ್ಮಂದಿರಿಬ್ಬರ ಹೆಸರು ಹೇಳಿದರು, ಅಲ್ಲಿಗೆ ನಿಲ್ಲಿಸಿದರು. ಅವರಿಗೆ ಮೂವರು ತಂಗಿಯರಿದ್ದಾರೆ, ಮೂವರ ಹೆಸರೂ ನನಗೆ ಗೊತ್ತು. ನಾನು ಪೆನ್ನು ಹಿಡಿದು ಕಾದೆ. ಅವರು ಸ್ವಲ್ಪ ಹೊತ್ತು ಹೊರಗೆ ನೋಡುತ್ತಾ ಕೂತಿದ್ದು, 'ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ' ಅಂತ ಎದ್ದು ಹೋದರು. ಆ ಹಾಳೆ ನನ್ನ ಹತ್ತಿರವೇ ಇದೆ.